ಕೂಗಬೇಕಾದ ಹೆಸರು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಮಾತು ಸಲೀಸಾಗಿ ಬರುವವನೊಬ್ಬ, ಮಾತು ತಡೆದು ತಡೆದು ಬರುವವನ ಒಳಗನ್ನು ಬಲ್ಲೆನೆಂದು ಹೊರಡುವುದರಲ್ಲಿ ಒಂದು ಉದ್ಧಟತನ ಇದ್ದೇ ಇರುತ್ತದೆ. ಗಂಗಾಧರ ನನಗೆ ಹೇಳಿದ್ದು ಕಡಿಮೆ. ಉಳಿದದ್ದನ್ನು ನಾನು ಅವನ ಎಸ್‌ಟಿಡಿ ಬೂತಿನ ಬೆಂಚಿನ ಮೇಲೆ ಕೂತು ನೋಡಿದ್ದರಿಂದ, ಬೀದಿಯವರು ಆಡಿದ್ದರಿಂದ ಜೋಡಿಸಿಕೊಂಡಿದ್ದೇನೆ. ಎಲ್ಲಿ ತಪ್ಪಿದೆಯೋ ಅಲ್ಲಿ ತಪ್ಪು ನನ್ನದು. ಸಂಗತಿಯೂ ದೊಡ್ಡದಲ್ಲ. ಮನೆಮನೆಗೆ ಫೋನು ಇನ್ನೂ ಬಂದಿರದ ಕಾಲದಲ್ಲಿ, ಕೊಟ್ಟೂರಿನ ಒಂದು ಬೀದಿಯಲ್ಲಿ, ಒಬ್ಬ ಮನುಷ್ಯ ಒಂದು ಹೆಸರನ್ನು ಕೂಗಿದ. ಇಷ್ಟಕ್ಕೆ ಇಷ್ಟು ಮಾತು ಬೇಕೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆ ದಿನ ಬೆಳಿಗ್ಗೆ ಅವನ ಹೆಂಡತಿ ಅರ್ಚನಾ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅರಸೀಕೆರೆಗೆ ಹೊರಟಳು. ಹೊಸಿಲು ದಾಟುವಾಗ ತಿರುಗಿ, "ಫೋನ್ ಬಂದ್ರ ಎತ್ತು. ಎತ್ತಿ ಸುಮ್ನಿದ್ರೂ ಪರವಾಗಿಲ್ಲ, ಎತ್ತು" ಎಂದಳು. ಅವನು ತಲೆಯಾಡಿಸಿದ. ಅವಳು ಅದನ್ನು ನಂಬಲಿಲ್ಲ ಎಂಬುದು ಅವಳ ಬೆನ್ನಿನಲ್ಲೇ ಕಂಡಿತು. ಅವನು ಊರುಗೋಲನ್ನು ಗೋಡೆಗೆ ಆನಿಸಿ, ಬೂತಿನ ಷಟರ್ ಎತ್ತಿ, ಹಳದಿ ಬೋರ್ಡನ್ನು ಒರೆಸಿ, ಕುರ್ಚಿಯಲ್ಲಿ ಕೂತ. ಮೇಜಿನ ಮೇಲೆ ಕೆಂಪು ಫೋನು. ಅದರ ಮೇಲೆ ಅರ್ಚನಾ ಹೆಣೆದ ಬಿಳಿ ದಾರದ ಮುಸುಕು. ಗಾಜಿನ ಕ್ಯಾಬಿನ್ನಿನೊಳಗೆ ಅದೇ ಲೈನಿನ ಇನ್ನೊಂದು ಫೋನು. ಹೊರಗಡೆಗೆ ಮಾತಾಡಲು ಬಂದವರು ತಾವೇ ನಂಬರು ಒತ್ತಿಕೊಳ್ಳುತ್ತಾರೆ, ಮೀಟರಿನ ಕೆಂಪು ಅಂಕೆಗಳು ತಾವೇ ಓಡುತ್ತವೆ, ಮಾತು ಮುಗಿದಾಗ ಮಷಿನ್ನು ತಾನೇ ಚೀಟಿ ಉಗುಳುತ್ತದೆ. ಅವನು ಚೀಟಿ ಹರಿದು ಕೊಟ್ಟು ಚಿಲ್ಲರೆ ಎಣಿಸಿದರೆ ಆಯಿತು. ಇಷ್ಟು ದಿನ ಹಾಗೇ ನಡೆದಿತ್ತು. ಊರಿನ ಮಾತೆಲ್ಲ ಹಾದುಹೋಗುವ ಜಾಗದಲ್ಲಿ ಅವನು ಒಂದು ಮಾತೂ ಆಡದೆ ಕೂತಿದ್ದ. ಕಷ್ಟ ಇದ್ದದ್ದು ಹೊರಗಿನಿಂದ ಬರುವ ಫೋನುಗಳಲ್ಲಿ. ದಾವಣಗೆರೆಯಿಂದಲೋ ಹೊಸಪೇಟೆಯಿಂದಲೋ ಯಾರಾದರೂ ಫೋನು ಮಾಡಿ ಈ ಬೀದಿಯ ಯಾರನ್ನಾದರೂ ಕರೆಯಿರಿ ಎನ್ನುತ್ತಾರೆ. ಬಾಗಿಲಿಗೆ ಬಂದು ಆ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಅಥವಾ ಎದ್ದು ಅವರ ಮನೆತನಕ ಹೋಗಿ ಕರೆದು ತರಬೇಕು. ಎರಡನ್ನೂ ಅರ್ಚನಾ ಮಾಡುತ್ತಿದ್ದಳು. ಕಾಲು ನೆಟ್ಟಗಿದ್ದಿದ್ದರೆ ಅವನು ಬಾಯಿ ತೆರೆಯದೆ ಹೋಗಿ ಬಾಗಿಲು ತಟ್ಟಬಹುದಿತ್ತು. ನಾಲಿಗೆ ನೆಟ್ಟಗಿದ್ದಿದ್ದರೆ ಕೂತಲ್ಲಿಂದಲೇ ಕೂಗಬಹುದಿತ್ತು. ಎರಡರಲ್ಲಿ ಒಂದು ಸಾಕಿತ್ತು ಎಂದು ಎಷ್ಟೋ ಸಲ ಅವನಿಗೆ ಅನ್ನಿಸಿದೆ. ಬೂತು ಸಿಕ್ಕಿದ್ದು ಕಾಲಿನ ದೆಸೆಯಿಂದ, ಅಂಗವಿಕಲರ ಕೋಟಾದಲ್ಲಿ. ಅಂದು ಬೂತು ಕೊಡುವ ಇಲಾಖೆಯ ಸಾಹೇಬರು ಹೆಸರು ಕೇಳಿದಾಗ ಅವನ ತುಟಿ ಅಲುಗುವ ಮೊದಲೇ ಅಪ್ಪ ಗುರುಸಂಗಪ್ಪ "ಗಂಗಾಧರ ಅಂತ ಸರ್, ಕುಂತು ಮಾಡೋ ಕೆಲಸ, ಇವ್ನಿಗೆ ಅನುಕೂಲ ಆಕೈತಿ" ಎಂದಿದ್ದರು. ಸಾಹೇಬರು ಕಾಲನ್ನು ನೋಡಿದರು, ತೃಪ್ತರಾದರು. ಕಾಲಿಗೆ ಸರ್ಟಿಫಿಕೇಟು ಇತ್ತು. ನಾಲಿಗೆಗೆ ಇರಲಿಲ್ಲ. ಅದನ್ನು ಮುಚ್ಚಿಟ್ಟು ಬೂತು ಪಡೆದೆವು ಎಂಬ ಅಳುಕು ಅಪ್ಪ ತೀರಿಹೋದ ಮೇಲೂ ಅವನಲ್ಲಿ ಉಳಿದಿತ್ತು. ಯಾರಾದರೂ ಒಂದು ದಿನ ಬಂದು, ಎಲ್ಲಿ ಒಂದು ಮಾತಾಡು ನೋಡೋಣ, ಎಂದು ಕೇಳಬಹುದು ಎಂಬ ಭಯ.

ಅಣ್ಣ ಗುರುಶಾಂತ ತನ್ನ ಕಿರಾಣಿ ಅಂಗಡಿಗೆ ಹೋಗುವ ಮೊದಲು ಬೂತಿನ ಮುಂದೆ ಗಾಡಿ ನಿಲ್ಲಿಸಿದ.

"ಅರ್ಚನಾ ಹೋದ್ಲೇನು?"

ಗಂಗಾಧರ ತಲೆಯಾಡಿಸಿದ.

"ಹಂಗಾರ ಇವತ್ತ ನಾ ಇಲ್ಲೇ ಕುಂದರ್ತೀನಿ. ಅಂಗಡಿ ಚೌಡಣ್ಣ ನೋಡ್ಕಂತಾನ. ನೀ ಒಳಗ ಆರಾಮ್ ಇರು."

"ಬ್ಯಾಡ."

ಆ ಮಾತು ಎಲ್ಲೂ ಸಿಕ್ಕಿಕೊಳ್ಳದೆ ಬಂದುಬಿಟ್ಟಿತು. ಅಣ್ಣನಿಗಿಂತ ಅವನಿಗೇ ಹೆಚ್ಚು ಆಶ್ಚರ್ಯವಾಯಿತು.

"ಏನ್ ಬ್ಯಾಡ?"

"ನಾ... ನಾನ ಕು... ಕುಂದರ್ತೀನಿ."

"ಕುಂದರ್ತಿ, ಸರಿ. ಫೋನ್ ಬಂದ್ರ?"

ಗಂಗಾಧರ ಫೋನಿನ ಮುಸುಕನ್ನು ಸರಿಮಾಡಿದ. ಗುರುಶಾಂತ ಗಾಡಿಯಿಂದ ಇಳಿದು ಬೆಂಚಿನ ತುದಿಗೆ ಕೂತು, ದನಿ ಇಳಿಸಿ ಮಾತಾಡಿದ. ದನಿ ಇಳಿಸಿ ಮಾತಾಡಿದಾಗಲೇ ಗಂಗಾಧರನಿಗೆ ಹೆಚ್ಚು ನೋಯುತ್ತಿದ್ದದ್ದು. "ನೋಡ್ ತಮ್ಮ, ನಿನ್ನ ಮ್ಯಾಲ ಸಿಟ್ಟಿಲ್ಲ ನಂಗ. ಬರೋ ತಿಂಗ್ಳು ಜೆರಾಕ್ಸ್ ಮಷಿನ್ ತರಾಕತ್ತೀನಿ. ಈ ಕುರ್ಚಿ ಮ್ಯಾಲ ಮಾತಾಡೋರು ಒಬ್ರು ಬೇಕಲ್ಲ. ನಾ ಇಲ್ಲಿ ಕುಂದರ್ತೀನಿ, ನೀ ಹಿಂದ ಮಷಿನ್ ನೋಡ್ಕ. ಅದಕ್ಕ ಬಾಯಿ ಬೇಕಿಲ್ಲ." ಆಮೇಲೆ, "ಇವತ್ತ ಒಂದಿನ ನೋಡೂನು. ನೀನ ಎತ್ತಿ, ನೀನ ಕರದಿ ಅಂದ್ರ ನಾ ಈ ಸುದ್ದಿ ಮತ್ತ ತೆಗ್ಯಂಗಿಲ್ಲ. ಇಲ್ಲಂದ್ರ ನಾಳಿಂದ ನಾನ. ಆತಾ?" ಎಂದ. ಎದ್ದುಹೋಗುವಾಗ ಅವನ ಭುಜ ತಟ್ಟಿದ. ಮಷಿನ್ನಿಗೆ ಬಾಯಿ ಬೇಕಿಲ್ಲ ಎಂಬ ಮಾತು ಬಹಳ ಹೊತ್ತು ಬೂತಿನಲ್ಲೇ ಉಳಿಯಿತು. ಆ ಮಾತು ನಿಜ ಎನ್ನುವುದೇ ತೊಂದರೆಯಾಗಿತ್ತು. ಹಿಂದಿನ ಮೂಲೆಯಲ್ಲಿ ಮಷಿನ್ನಿನ ಬೆಳಕು ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಓಡುವುದನ್ನು ನೋಡುತ್ತ ಮುದುಕನಾಗುವುದು ಅವನಿಗೆ ಕಂಡಿತು. ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ಆ ನೆಮ್ಮದಿ ಬೇಕು ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ಕೊಟ್ರಬಸಮ್ಮ ಬಂದಳು. ಬೀದಿಯ ತುದಿಯಲ್ಲಿ ಸಂಜೆ ಮಿರ್ಚಿ ಕರಿಯುವವಳು, ಗಂಡ ಇಲ್ಲ, ಒಬ್ಬಳೇ ಮಗಳು ರೇಣುಕಾಳನ್ನು ದಾವಣಗೆರೆಗೆ ಕೊಟ್ಟಿದ್ದಾಳೆ. ಬಹಳ ದಿನಗಳಿಂದ ಅವಳು ಈ ಮೆಟ್ಟಿಲು ಹತ್ತಿರಲಿಲ್ಲ. ಏನಿದ್ದರೂ ಅರ್ಚನಾಳನ್ನು ನಲ್ಲಿಯ ಹತ್ತಿರ ಕಂಡು ಕೇಳುತ್ತಿದ್ದಳು. ಈಗಲೂ ಅವನನ್ನು ನೋಡದೆ ಒಳಗೆ ಇಣುಕಿ, "ಅರ್ಚನಾ ಎಲ್ಲದಾಳ?" ಎಂದಳು.

"ಅರಸೀಕೆರಿ."

"ಯಾವಾಗ ಬರ್ತಾಳ?"

"ನಾಳೆ."

ಅವಳು ಸೆರಗನ್ನು ಬಿಗಿಮಾಡಿಕೊಂಡು ನಿಂತಳು. ಹೋಗಲೂ ಆರಳು, ಹೇಳಲೂ ಆರಳು. "ರೇಣುಕಾನ್ನ ಹೆರಿಗಿಗೆ ದವಾಖಾನಿಗೆ ಸೇರ್ಸ್ಯಾರಂತ. ಬಸ್ಸಿನ ಡ್ರೈವರ್ ಕೈಯಾಗ ಹೇಳಿ ಕಳ್ಸ್ಯಾನ ಅಳಿಯ. ಇವತ್ತ ಫೋನ್ ಮಾಡ್ತಾನಂತ. ಬಾ ಅಂದ್ರ ಹೋಗ್ಬೇಕು. ಕರೀದ ಹೋಗಾಂಗಿಲ್ಲ ಯಪ್ಪಾ, ಬೀಗರು ಮೊದಲಿನಂಗ ಇಲ್ಲ." ಬೀಗರು ಯಾಕೆ ಮೊದಲಿನಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಅದನ್ನು ಹೇಳಲಿಲ್ಲ. "ಫೋನ್ ಬಂದ್ರ ಯಾರ್ ಕೂಗ್ತಾರ?" ಎಂದು ಕೇಳಿದಳು.

ಅವನು ತನ್ನ ಎದೆಯನ್ನು ಮುಟ್ಟಿ ತೋರಿಸಿದ. ಕೊಟ್ರಬಸಮ್ಮ ಮೊದಲ ಸಲ ಅವನ ಮುಖ ನೋಡಿದಳು. ನೋಡಿ, "ಎರ್ರೆಮ್ಮನ್ನ ಕೂಗಬ್ಯಾಡ ಮತ್ತ" ಎಂದು ಹೇಳಿ ಇಳಿದುಹೋದಳು.

ಕೊಟ್ಟೂರಿನಲ್ಲಿ ಹುಟ್ಟಿದವನಿಗೆ ಕ ಎಂಬ ಅಕ್ಷರ ಬಾಯಿಗೆ ಬಾರದಿದ್ದರೆ ಅರ್ಧ ಊರನ್ನು ಕರೆಯಲು ಬರುವುದಿಲ್ಲ. ಊರದೇವರ ಹೆಸರಿಟ್ಟುಕೊಂಡವರು ಎಷ್ಟೊಂದು. ಎದುರಿನ ಸೈಕಲ್ ಅಂಗಡಿಯವನು ಕೊಟ್ರೇಶ, ಪಕ್ಕದ ಮನೆಯವಳು ಕೊಟ್ರಮ್ಮ, ಬಾವಿಯ ಹತ್ತಿರದವರು ಇಬ್ಬರು ಕೊಟ್ರಪ್ಪಂದಿರು. ಮಾತು ಹೊರಡುವ ಮೊದಲೇ ಅವನಿಗೆ ದೂರದಲ್ಲಿ ಆ ಅಕ್ಷರ ದಾರಿಯ ಮಧ್ಯೆ ಮಲಗಿದ ಎಮ್ಮೆಯ ಹಾಗೆ ಕಾಣುತ್ತದೆ. ಬಳಸಿಕೊಂಡು ಹೋಗುತ್ತಾನೆ. ಕಾಫಿ ಬೇಕಾದಾಗ ಚಹಾ ಕುಡಿಯುತ್ತಾನೆ. ಕೂಡ್ಲಿಗಿಗೆ ಹೋಗಬೇಕಾದಾಗ ಹೊಸಪೇಟೆಗೆ ಟಿಕೆಟ್ ತಗೊಂಡು ಕೂಡ್ಲಿಗಿಯಲ್ಲಿ ಇಳಿಯುತ್ತಾನೆ. "ಹೊಸಪೇಟಿಗೆ ತಗಂಡು ಇಲ್ಲ್ಯಾಕ ಇಳಿತೀಯೋ, ತಲಿ ಸರಿ ಐತೇನು?" ಎಂದ ಕಂಡಕ್ಟರನ ಎದುರು ಒಮ್ಮೆ ಅವನು ನಿಜವಾಗಿಯೂ ತಲೆ ಸರಿಯಿಲ್ಲದವನ ಹಾಗೆ ನಕ್ಕಿದ್ದ. ಹಾಗೆ ನಕ್ಕರೆ ಜನ ಬಿಟ್ಟುಬಿಡುತ್ತಾರೆ. ಹೀಗೆ ಬಳಸಿ ಹೋಗುವ ಅಭ್ಯಾಸದಲ್ಲೇ ಎರ್ರೆಮ್ಮನ ಆ ಸಂಗತಿಯೂ ಆಗಿದ್ದು. ಹೋದ ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ ರೇಣುಕಾ ಫೋನು ಮಾಡಿ ಅವ್ವನನ್ನು ಕರೆಯಿರಿ ಎಂದಳು. ಅರ್ಚನಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅವನು ಬಾಗಿಲಿಗೆ ಬಂದ. ಕೊಟ್ರಬಸಮ್ಮ ಎಂಬುದು ಬಾಯಿಯೊಳಗೆ ಬಂಡೆಯಾಗಿ ಕೂತಿತು. ಬರೀ ಬಸಮ್ಮಾ ಎಂದರೆ ಮೂಲೆಮನೆಯ ಬಸಮ್ಮ ಬರುತ್ತಾಳೆ. ದೊಡ್ಡವ್ವಾ ಎಂದರೆ ಬೀದಿಯ ಮುದುಕಿಯರೆಲ್ಲ ತಿರುಗುತ್ತಾರೆ. ಎದುರಿನ ಕಟ್ಟೆಯಲ್ಲಿ ಎರ್ರೆಮ್ಮ ಕೂತಿದ್ದಳು. ಆ ಹೆಸರು ನೀರಿನ ಹಾಗೆ ಬರುತ್ತದೆ. ಎರ್ರೆಮ್ಮಾ ಎಂದು ಕೂಗಿದ. ಅವಳು ಹತ್ತಿರ ಬಂದರೆ ಮಿರ್ಚಿ ಒಲೆಯ ಕಡೆಗೆ ಕೈತೋರಿಸಿ ಹೇಳಿಕಳಿಸಬಹುದು ಎಂಬುದು ಅವನ ಲೆಕ್ಕ. ಎರ್ರೆಮ್ಮ ಬಂದವಳೇ ತನಗೇ ಫೋನು ಬಂದಿದೆ ಎಂದುಕೊಂಡು ರಿಸೀವರ್ ಕಿವಿಗಿಟ್ಟು ಹೂಂ ಎಂದಳು. ಆ ಕಡೆಯ ಹುಡುಗಿ ಅವ್ವನೇ ಎಂದು ತಿಳಿದು ಅಳುತ್ತ ಎಲ್ಲ ಹೇಳಿಬಿಟ್ಟಳು, ಗಂಡ ಹೊಡೆದದ್ದು, ಅತ್ತೆ ನಕ್ಕದ್ದು. ಎರ್ರೆಮ್ಮ ಹೂಂ ಹೂಂ ಎನ್ನುತ್ತಲೇ ಇದ್ದಳು. ಅವಳ ಮುಖದಲ್ಲಿ ಏನೋ ತುಂಬಿಕೊಳ್ಳುತ್ತಿರುವುದನ್ನು ಗಂಗಾಧರ ನೋಡುತ್ತ ನಿಂತಿದ್ದ, ಕೈಚಾಚಿ ಫೋನು ಕಸಿದುಕೊಳ್ಳಬಹುದಿತ್ತು. ಸಂಜೆಗೆ ನಲ್ಲಿಯ ಹತ್ತಿರ ಎಲ್ಲರಿಗೂ ಗೊತ್ತಾಗಿತ್ತು, ವಾರದೊಳಗೆ ದಾವಣಗೆರೆಗೂ ತಲುಪಿತ್ತು.

ಫೋನು ಬಂದದ್ದು ಮಧ್ಯಾಹ್ನ, ಬೀದಿ ಖಾಲಿಯಾಗಿದ್ದಾಗ. ಮೊದಲ ಸದ್ದಿಗೇ ಅವನ ಕೈ ಮುಸುಕು ತೆಗೆಯಿತು. ರಿಸೀವರ್ ಮೇಲೆ ಕೈಯಿಟ್ಟ. ಎತ್ತಿದರೆ ಆ ಕಡೆಯವರು ಹಲೋ ಎನ್ನುತ್ತಾರೆ. ಆಮೇಲೆ ಒಂದು ಮೌನ ಇರುತ್ತದೆ, ಆ ಮೌನ ಅವನದು, ಅದನ್ನು ಅವನೇ ತುಂಬಬೇಕು. ಎದುರಿಗೆ ಮನುಷ್ಯರಿದ್ದರೆ ಕೈಯಿಂದಲೋ ಹುಬ್ಬಿನಿಂದಲೋ ನಗುವಿನಿಂದಲೋ ತುಂಬಬಹುದು. ಫೋನಿನಲ್ಲಿ ಅವನಿಗೆ ಮುಖವೇ ಇಲ್ಲ. ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಜಂಬುನಾಥ ಮಾಸ್ತರರು ಅವನ ಹೆಸರು ಬಂದಾಗ ತಲೆ ಎತ್ತದೆ, ಪೆನ್ನನ್ನು ಮಾತ್ರ ಎತ್ತಿ ಹಿಡಿದು ಕಾಯುತ್ತಿದ್ದರು. ಇಡೀ ತರಗತಿ ಆ ಪೆನ್ನನ್ನೇ ನೋಡುತ್ತಿತ್ತು. ಕೆಲವು ದಿನ ಹಾಜರಿದ್ದೂ ಗೈರುಹಾಜರಿ ಬೀಳುತ್ತಿತ್ತು. ಫೋನು ಇನ್ನೂ ಬಡಿಯುತ್ತಿತ್ತು. ಈ ಸಲ ಎತ್ತುತ್ತೇನೆ ಎಂದುಕೊಂಡ, ಇಲ್ಲ, ಇದರ ಮುಂದಿನದಕ್ಕೆ. ನಿಂತುಹೋಯಿತು. ನಿಂತಮೇಲೆ ಬೂತಿನಲ್ಲಿ ಆದ ಮೌನ ಅವನಿಗೆ ಮೊದಲು ಆರಾಮ ಕೊಟ್ಟಿತು, ಬಿಸಿಲಿನಿಂದ ಒಳಗೆ ಬಂದ ಹಾಗೆ. ಆಮೇಲೆ ಅವನು ತನ್ನ ಸೊರಗಿದ ಕಾಲಿನ ತೊಡೆಯನ್ನು ಮುಷ್ಟಿಯಿಂದ ಗುದ್ದಿಕೊಂಡ. ಅದಕ್ಕೆ ನೋವೂ ಸರಿಯಾಗಿ ಗೊತ್ತಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಕೊಟ್ರಬಸಮ್ಮ ಮೆಟ್ಟಿಲ ಕೆಳಗೆ ನಿಂತು, "ಬಂತೇನು?" ಎಂದು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ತಲೆ ಎಷ್ಟು ಸರಾಗವಾಗಿ ಆಡಿತು ಎಂಬುದನ್ನು ಅವನೇ ಗಮನಿಸಿದ. ಸುಳ್ಳಿಗೆ ಎಲ್ಲೂ ತಡೆಯಿರಲಿಲ್ಲ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಿರಬೇಕು, ಖಾರದ ಕೈಯನ್ನು ಕಣ್ಣಿಗೆ ತಾಗದ ಹಾಗೆ ದೂರ ಹಿಡಿದುಕೊಂಡು ಹಾಗೆಯೇ ಹೊರಟುಹೋದಳು. ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಹೋಗುವ ಮಧ್ಯಾಹ್ನದ ಬಸ್ಸು ಸ್ಟ್ಯಾಂಡಿನಿಂದ ಹೊರಟು ಹಾರ್ನು ಹಾಕಿತು. ಅದರಲ್ಲಿ ಒಂದು ಸೀಟು ಅವಳದಾಗಿದ್ದಿರಬಹುದು. ಆಗದೆಯೂ ಇರಬಹುದು, ಫೋನು ಬೇರೆ ಯಾರದ್ದೋ ಇದ್ದಿರಬಹುದು. ಆ ಬೇರೆ ಯಾರೋ ಒಬ್ಬರನ್ನು ಅವನು ಬಹಳ ಹೊತ್ತು ಕಲ್ಪಿಸಿಕೊಳ್ಳಲು ನೋಡಿದ. ಅವರಿಗೆ ಮುಖ ಮೂಡಲಿಲ್ಲ.

ಆಮೇಲೆ ಅವನು ಮಾಡಿದ್ದನ್ನು ನಿಶ್ಚಯ ಎಂದು ಕರೆಯಬಹುದೋ ಏನೋ. ಎದ್ದು ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಂತ ಬೂತಿನ ಕ್ಯಾಬಿನ್ನಿನೊಳಗೆ ಅವನು ಒಮ್ಮೆಯೂ ಕೂತಿರಲಿಲ್ಲ. ಗಾಜಿನ ಮೇಲೆ ಯಾರ್ಯಾರದೋ ಬೆರಳ ಗುರುತು, ಉಸಿರಿನ ವಾಸನೆ. ರಿಸೀವರ್ ಎತ್ತಿದರೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಆ ಸದ್ದಿನೊಳಕ್ಕೆ ಕೊಟ್ರಬಸಮ್ಮ ಎಂದ. ಬಂತು. ಕೊಟ್ರೇಶ, ಕೊಟ್ರಪ್ಪ, ಕೂಡ್ಲಿಗಿ, ಕಾಫಿ. ಎಲ್ಲ ಬಂದವು. ಇದು ಅವನಿಗೆ ಹೊಸದೇನಲ್ಲ, ಒಬ್ಬನೇ ಇದ್ದಾಗ ಅವನ ಮಾತು ಯಾರ ಮಾತಿಗೂ ಕಡಿಮೆಯಿಲ್ಲ. ಯಾರೂ ಇಲ್ಲದ ಕಡೆ ಗೆಲ್ಲುವುದು ಗೆಲುವಲ್ಲ ಎಂದುಕೊಂಡು, ಇಡಲು ಹೋದವನು ಇಡದೆ, ಎಕ್ಸ್‌ಚೇಂಜಿನ ನಂಬರು ಒತ್ತಿದ. ಲೈನ್ ನೋಡುವ ಹುಲುಗಣ್ಣ ಎತ್ತಿಕೊಂಡು ಹಲೋ ಎಂದ. ಗಂಗಾಧರ ಬಾಯಿ ತೆರೆದ. ಏನೂ ಬರಲಿಲ್ಲ. ಹುಲುಗಣ್ಣ ಇಟ್ಟುಬಿಟ್ಟ. ಮತ್ತೆ ಒತ್ತಿದ.

"ಯಾರಲೇ ಅದು, ಫೋನ್ ಮಾಡಿ ಉಸಿರು ಬಿಡೋನು?"

"ಗ... ಗ... ಗಂಗಾ..."

"ಓ, ಗಂಗಾಧರ? ಏನೋ ಮಾರಾಯ, ಇದೇ ಮೊದಲ್ನೇ ಸಲ ನಿನ್ನ ದನಿ ಫೋನಾಗ ಕೇಳಾಕತ್ತೀನಿ. ಲೈನ್ ಹೋಗೈತೇನು? ನಿನ್ನ ಬೂತಿಗೆ ಮಾಡಿದ್ರ ಎತ್ತಂಗಿಲ್ಲ ಅಂತ ಇಬ್ರು ಮೂವರು ಅಂದ್ರು. ಲೈನ್ ಫಾಲ್ಟ್ ಇರ್ಬೇಕು ಅಂದ್ಕಂಡಿದ್ದೆ. ನಾಳೆ ಬರ್ತೀನಿ ತಡಿ."

ಹಾಗೆ ಬಿಟ್ಟುಬಿಡಬಹುದಿತ್ತು. ಲೈನಿನ ಮೇಲೆ ಹಾಕಿ ಇನ್ನೊಂದು ದಿನ ತಳ್ಳಬಹುದಿತ್ತು. ಅವನು ಹಣೆಯನ್ನು ಗಾಜಿಗೆ ಒತ್ತಿ ನಿಂತ. "ಲೈನ್ ಸ... ಸರಿ ಐತಿ" ಎಂದ. ಆಮೇಲೆ, ಪ್ರತಿ ಮಾತಿಗೂ ನಿಂತು, "ನಾ... ಎತ್ತಂಗಿಲ್ಲ. ಮಾ... ಮಾತು ಬರಂಗಿಲ್ಲ ಅಂತ... ಎತ್ತಂಗಿಲ್ಲ" ಎಂದ.

"ಈಗ ಬಂತಲ್ಲ" ಎಂದ ಹುಲುಗಣ್ಣ. "ಎತ್ತಲೇ, ಅದೇನು ಕಚ್ಚಂಗಿಲ್ಲ. ಇಡ್ತೀನಿ, ಸಾಹೇಬ್ರು ಬಂದ್ರು."

ಸಂಜೆಯಾಯಿತು. ಬೀದಿಯ ತುದಿಯಲ್ಲಿ ಪಂಪ್ ಸ್ಟೋವಿನ ಸದ್ದು ಶುರುವಾಗಿ, ಎಣ್ಣೆಯ ವಾಸನೆ ಬಂತು. ಮಿರ್ಚಿಗೆ ಕಾಯುವವರು ಒಲೆಯ ಸುತ್ತ ಸೇರಿಕೊಂಡರು. ಕೊಟ್ರೇಶ ಅಂಗಡಿಯ ಮುಂದೆ ಸೈಕಲ್ಲೊಂದನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ಎರ್ರೆಮ್ಮ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಗುರುಶಾಂತ ಎರಡು ಗ್ಲಾಸು ಚಹಾ ತರಿಸಿ, ಒಂದನ್ನು ತಮ್ಮನ ಮುಂದಿಟ್ಟು, ಬೆಂಚಿನ ಮೇಲೆ ಕೂತ. ಏನನ್ನೂ ಕೇಳುವುದು ಬೇಕಿಲ್ಲ ಎನ್ನುವಂತೆ ಕೂತಿದ್ದ. ಗಂಗಾಧರನಿಗೆ ಆ ಚಹಾ ಕುಡಿದರೆ ಒಪ್ಪಿಕೊಂಡಂತಾಗುತ್ತದೆ ಅನ್ನಿಸಿ ಮುಟ್ಟಲಿಲ್ಲ.

ಫೋನು ಬಂತು. ಗುರುಶಾಂತನ ಕೈ ಮೇಜಿನ ಕಡೆ ಚಾಚಿತು. ಅದು ಅಲ್ಲಿಗೆ ಮುಟ್ಟುವ ಮೊದಲು ಗಂಗಾಧರನ ಕೈ ರಿಸೀವರ್ ಎತ್ತಿತ್ತು.

"ಹಲೋ, ಕೊಟ್ಟೂರೇನ್ರಿ? ಹಲೋ? ಯಾರ್ರಿ ಮಾತಾಡೋದು? ಹಲೋ..."

ಗಂಟಲಲ್ಲಿ ಒಂದು ಕದ ಮುಚ್ಚಿಕೊಂಡಿತು. ಅದರ ಹಿಂದೆ ಮಾತು ತಲೆ ಬಡಿಯುತ್ತಿತ್ತು. ಆ ಕಡೆಯವನು ಯಾರಿಗೋ ತಿರುಗಿ "ಯಾರೂ ಮಾತಾಡವಲ್ರು" ಎನ್ನುವುದು ಕೇಳಿಸಿತು. ಅಣ್ಣ ಎದ್ದು ನಿಂತ.

"ಇ... ಇಡಬ್ಯಾಡ್ರಿ" ಎಂದ ಗಂಗಾಧರ. "ನಂಗ ಮಾತು... ನಿಂತು ನಿಂತು ಬರ್ತೈತಿ. ನಿ... ನಿಲ್ಲ್ರಿ."

"ಹಾಂ? ಆತು, ಆತು, ನಿಂತೀನಿ. ನಮ್ಮತ್ತಿನ್ನ ಕರೀರಿ, ಮಿರ್ಚಿ ಕೊಟ್ರಬಸಮ್ಮ. ಮಧ್ಯಾಹ್ನನೂ ಮಾಡಿದ್ದೆ, ಯಾರೂ ಎತ್ತಲಿಲ್ಲ ನೋಡ್ರಿ. ಜಲ್ದಿ ಕರೀರಿ, ಇಲ್ಲಿ ಮೀಟರ್ ಓಡಾಕತ್ತೈತಿ."

ಅವನು ರಿಸೀವರನ್ನು ಮೇಜಿನ ಮೇಲೆ ಅಡ್ಡ ಇಟ್ಟ. "ನಾ ಕೂಗ್ಲೇನು?" ಎಂದ ಗುರುಶಾಂತ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಗಂಗಾಧರ ಬೇಡವೆಂದು ಕೈ ಮಾಡಿ, ಊರುಗೋಲು ಹಿಡಿದು ಬಾಗಿಲಿಗೆ ಬಂದು, ಷಟರಿನ ಚೌಕಟ್ಟಿಗೆ ಭುಜ ಕೊಟ್ಟು ನಿಂತ. ಎರ್ರೆಮ್ಮ ಮೊರದಿಂದ ತಲೆ ಎತ್ತಿ ನೋಡಿದಳು. ಆ ಹೆಸರು ತಾನಾಗಿ ತುಟಿಗೆ ಬಂತು, ಬಂದು ಅಲ್ಲೇ ನಿಂತಿತ್ತು, ಬಿಟ್ಟರೆ ಸಾಕು. ಅವನು ಅದನ್ನು ನುಂಗಿದ. ಯಾವಾಗಲೂ ಮಾತು ಸಿಕ್ಕಿಕೊಳ್ಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ದಿನ ಮುಚ್ಚಿಕೊಳ್ಳಲಿಲ್ಲ. ಮುಚ್ಚಿದರೆ ಮೆಟ್ಟಿಲಿಂದ ಬೀಳುತ್ತಿದ್ದನೇನೋ, ಕಾರಣ ಅಷ್ಟೇ ಇರಬಹುದು. "ಕೊ..." ಎಂದ. "ಕೊ, ಕೊ, ಕೊ..." ಬೀದಿ ತಿರುಗಿತು.

ಒಲೆಯ ಹತ್ತಿರ ಯಾರೋ, "ಕೋಳಿಗೆ ಕಾಳು ಹಾಕಾಕತ್ತಾನೇನ್ರಲೇ ಗಂಗಣ್ಣ" ಎಂದರು, ಕೆಲವರು ನಕ್ಕರು. ಆ ನಗು ಅವನಿಗೆ ಪರಿಚಯದ್ದು. ಪರಿಚಯವಿಲ್ಲದ್ದು ಮುಖಗಳು. ತನ್ನ ಮಾತು ನಿಂತಾಗ ಜನರ ಮುಖ ಹೇಗಿರುತ್ತದೆಂದು ಅವನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ನಕ್ಕವರು ಇಬ್ಬರು ಮೂವರು. ಉಳಿದವರಲ್ಲಿ ಒಬ್ಬ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ, ಒಬ್ಬಳು ಸೆರಗನ್ನು ಬಾಯಿಗೆ ಹಿಡಿದುಕೊಂಡು ತಾನೇ ಉಸಿರು ಕಟ್ಟಿದವಳ ಹಾಗಿದ್ದಳು, ಎರ್ರೆಮ್ಮನ ತುಟಿ ಅವಳಿಗೇ ಗೊತ್ತಿಲ್ಲದೆ ಅವನ ತುಟಿಯ ಜೊತೆ ಕೊ ಎಂದು ದುಂಡಗಾಗಿತ್ತು. ಅವರೆಲ್ಲ ಕಾಯುತ್ತಿದ್ದರು, ಅಷ್ಟೇ. ಬಸ್ಸಿಗೆ ಕಾಯುವ ಹಾಗೆ. "ಕೊಟ್ರ..." ಎಂಬಲ್ಲಿಗೆ ಬಂತು, ಅಲ್ಲಿ ಮತ್ತೆ ನಿಂತಿತು.

ಕೊಟ್ರೇಶ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಎದ್ದು ಬಂದ. "ನನ್ನೇನೋ? ಯಾರ್ ಫೋನು?"

ಗಂಗಾಧರ ಅಲ್ಲವೆಂದು ತಲೆಯಾಡಿಸಿದ. ಪಕ್ಕದ ಮನೆಯ ಕೊಟ್ರಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ನಂಗೇನಪ್ಪ? ಹೊಸಪೇಟಿಯಿಂದೇನು?" ಎಂದಳು. ಅವಳಿಗೂ ತಲೆಯಾಡಿಸಿದ. ಬಾವಿಯ ಕಡೆಯ ಕೊಟ್ರಪ್ಪ ತನ್ನ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ನಾನೇನು ಎಂದು ಸನ್ನೆ ಮಾಡಿದ. ಅರ್ಧ ಹೆಸರಿಗೆ ಅರ್ಧ ಬೀದಿ ಎದ್ದುಬಂದಿತ್ತು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಉಳಿದ ಅರ್ಧವನ್ನು ಹೇಳದೆ ಇವರನ್ನೆಲ್ಲ ಒಳಗೆ ಕಳಿಸುವ ದಾರಿಯೇ ಇರಲಿಲ್ಲ. ಅವನು ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಹೊರಟ. ಕೊ ಎಂಬಲ್ಲಿ ನಿಂತ, ಟ್ರ ಎಂಬಲ್ಲಿ ನಿಂತ, ಬ ಎಂಬಲ್ಲಿ ತುಟಿ ತುಟಿಗೆ ಅಂಟಿಕೊಂಡು ಬಹಳ ಹೊತ್ತು ನಿಂತ. ಕುತ್ತಿಗೆಯ ನರ ಉಬ್ಬಿತ್ತು. ಸೈಕಲ್ಲಿನ ಚಕ್ರ ಸುಮ್ಮನೆ ತಿರುಗುತ್ತಿತ್ತು. ಆಮೇಲೆ "ಬಸಮ್ಮಾ" ಎಂಬುದು ಬಂತು, ಬೇಕಾದದ್ದಕ್ಕಿಂತ ಗಟ್ಟಿಯಾಗಿ ಬಂತು, ಅದರ ಹಿಂದೆಯೇ "ಫೋನು" ಎಂಬುದೂ ಬಂತು.

ಕೊಟ್ರಬಸಮ್ಮ ಕಡಲೆಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೆಟ್ಟಿಲು ಹತ್ತುತ್ತ, "ಅಷ್ಟೂ ಯಾಕ್ ಕೂಗಿದಿ, ನಿನ್ನ ದನಿ ಬಂದಾಗ್ಲೇ ನಂದಂತ ಗೊತ್ತಾಗಿತ್ತು. ಅರ್ಧಕ್ಕ ಬಿಟ್ಟಿದ್ರೂ ಬರ್ತಿದ್ದೆ" ಎಂದಳು.

"ಅ... ಅರ್ಧಕ್ಕ ಬಿಟ್ಟಿದ್ರ ಕೊ... ಕೊಟ್ರೇಶ ಬರ್ತಿದ್ದ."

ಕೊಟ್ರೇಶ ನಕ್ಕು ಪಾನಾ ತಿರುಗಿಸುತ್ತ ಸೈಕಲ್ಲಿಗೆ ಹಿಂದಿರುಗಿದ. ಕೊಟ್ರಬಸಮ್ಮ ನಗಲಿಲ್ಲ. ರಿಸೀವರನ್ನು ಹಿಟ್ಟಿನ ಕೈಯಿಂದಲೇ ಹಿಡಿದು, ಎಲ್ಲರಿಗೂ ಬೆನ್ನು ಮಾಡಿ ಕೇಳಿದಳು. ಹೂಂ ಎಂದಳು, ಹೂಂ ಎಂದಳು, "ಆಕಿ ಹೆಂಗದಾಳ?" ಎಂದಳು. ರಿಸೀವರ್ ಇಟ್ಟು, "ಹೆಣ್ಣು" ಎಂದಳು. "ಮಧ್ಯಾಹ್ನ ಹುಟ್ಟೈತಂತ. ಬಾ ಅಂದಾರ."

ಗಂಗಾಧರ ಕುರ್ಚಿಯಲ್ಲಿ ಕೂತಿರಲಿಲ್ಲ. ಮೇಜಿನ ಅಂಚು ಹಿಡಿದು ನಿಂತಿದ್ದ. "ಮ... ಮಧ್ಯಾಹ್ನ ಫೋನ್ ಬಂದಿತ್ತು" ಎಂದ. "ನಾ ಎತ್ತಲಿಲ್ಲ. ನಿಂಗ ಸು... ಸುಳ್ಳು ಹೇಳಿದೆ."

"ಗೊತ್ತೈತಿ. ಅಳಿಯ ಹೇಳಿದ."

ಅವಳು ಇನ್ನೇನಾದರೂ ಹೇಳುತ್ತಾಳೆಂದು ಅವನು ಕಾದ. ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಒಲಿ ಆರಿಸ್ಬೇಕು. ಏಳರ ಬಸ್ಸಿಗೆ ಹೋಗ್ಬೇಕು" ಎಂದು ಇಳಿದುಹೋದಳು. ಒಲೆಯ ಹತ್ತಿರ ಕಾಯುತ್ತಿದ್ದವರು ಮಿರ್ಚಿ ಇಲ್ಲವೆಂದು ಗೊಣಗುವುದು ಕೇಳಿಸಿತು.

ಗುರುಶಾಂತ ಗ್ಲಾಸಿನ ತಳದ ಚಹಾವನ್ನು ಅಲ್ಲಾಡಿಸುತ್ತ ಕೂತಿದ್ದ. "ಇಡೀ ಬೀದಿ ಕೇಳ್ತು" ಎಂದ.

"ಕೇ... ಕೇಳ್ಲಿ ಅಂತನ ಕೂಗಿದ್ದು."

ಅಣ್ಣ ಬೂತಿನ ಗೋಡೆಗಳನ್ನು ಅಳೆಯುವವನ ಹಾಗೆ ಒಮ್ಮೆ ನೋಡಿದ. "ಮಷಿನ್ ಬಂದ್ರ ಎಲ್ಲಿಡೂನು ಮತ್ತ?"

"ಅಲ್ಲಿ. ಬೆಂಚು ತಗದು."

"ಕುರ್ಚಿ?"

ಆ ಮಾತಿಗೆ ಉತ್ತರ ಹೇಳಬೇಕಾದರೆ ಮತ್ತೆ ಅದೇ ಅಕ್ಷರ. ಇಲ್ಲೇ ಎಂದಿದ್ದರೆ ಸಾಕಾಗುತ್ತಿತ್ತು, ಬೆರಳು ತೋರಿಸಿದ್ದರೂ ಸಾಕಾಗುತ್ತಿತ್ತು. ಅವನು ಬಳಸಿ ಹೋಗಲಿಲ್ಲ. ಕು ಎಂಬಲ್ಲಿ ಹೊರಟು, ಸಿಕ್ಕಿಕೊಂಡು, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಂಡ. ಗುರುಶಾಂತ ಗ್ಲಾಸನ್ನು ನೋಡುತ್ತ ಕಾದ, ಮಧ್ಯೆ ಬಾಯಿ ಹಾಕಲಿಲ್ಲ. "ಕುರ್ಚಿ ನಂದು" ಎಂಬುದು ಕೊನೆಗೆ ಬಂತು. ಅಣ್ಣ ಎದ್ದು, ಎರಡೂ ಗ್ಲಾಸುಗಳನ್ನು ತಾನೇ ತೆಗೆದುಕೊಂಡು ಹೊರಟುಹೋದ.

ಇದರ ಮುಂದಿನದು ನನಗೆ ಹೆಚ್ಚು ತಿಳಿಯದು. ಕೊಟ್ರಬಸಮ್ಮ ಏಳರ ಬಸ್ಸಿಗೆ ಹೋದದ್ದು ಗೊತ್ತು. ಅವನನ್ನು ಕ್ಷಮಿಸಿ ಹೋದಳೋ ಇಲ್ಲವೋ ಗೊತ್ತಿಲ್ಲ. ಜೆರಾಕ್ಸ್ ಮಷಿನ್ನು ಬಂತು, ಗೋಡೆಯ ಪಕ್ಕ ಕೂತಿತು, ಗುರುಶಾಂತ ಅದರ ಹತ್ತಿರ ಸ್ಟೂಲು ಹಾಕಿಕೊಂಡ. ಕುರ್ಚಿಯಲ್ಲಿ ಗಂಗಾಧರನೇ ಇದ್ದ. ಅವನ ಮಾತು ಮೊದಲಿನಷ್ಟೇ ನಿಲ್ಲುತ್ತಿತ್ತು, ಒಂದು ಅಕ್ಷರದಷ್ಟೂ ಸುಧಾರಿಸಿರಲಿಲ್ಲ. ಆ ಸಂಜೆಯ ಮರುದಿನ ಅರ್ಚನಾ ಅರಸೀಕೆರೆಯಿಂದ ಬರುವ ಮೊದಲು ಇನ್ನೊಂದು ಫೋನು ಬಂದಿತ್ತಂತೆ, ಅದನ್ನೂ ಅವನೇ ಎತ್ತಿದನಂತೆ. ಮೊದಲ ಸದ್ದಿಗೆ ಎತ್ತಿದನೋ, ಇನ್ನೇನು ನಿಂತುಹೋಗುತ್ತದೆ ಎನ್ನುವಾಗ ಎತ್ತಿದನೋ, ಅದು ನನಗೆ ಗೊತ್ತಿಲ್ಲ.